ಗುನುಗುವ ಬಂಡೆಯೂ ಕಚ್ಚಾ ಗಂಟೂ

ಗುನುಗುವ ಬಂಡೆಯ ಕತೆಯನ್ನು ಬಲ್ಲವರು ಅದನ್ನು ದರ್ಜಿಯ ಅಂಗಡಿಯ ಕಿಟಕಿಯಿಂದಲೇ ಆರಂಭಿಸುತ್ತಾರೆ. ಆ ಕಿಟಕಿಗೆ ತಾಗಿ ಹೊಲಿಗೆ ಯಂತ್ರವಿಟ್ಟುಕೊಂಡಿದ್ದ ದರ್ಜಿ ಹೆಂಗಸಿಗೆ, ಗಾಳಿ ಬೀಸುವ ಬೆಳಗುಗಳಲ್ಲಿ, ಊರಾಚೆಯ ಕಡಿದಾದ ಬಂಡೆಯಿಂದ ಒಂದು ಗುನುಗು ಕೇಳಿಬರುತ್ತಿತ್ತು. ಅವಳ ಅಣ್ಣ ಅದನ್ನು ಜೇನುಹುಳು ಎಂದ. ಗಿರಾಕಿಗಳು ಗೂಬೆ ಎಂದರು, ನೀರು ಎಂದರು. ಹತ್ತಿ ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ. ಕಾಲು ಪೆಡಲಿನ ಮೇಲಿದ್ದರೂ ಅವಳ ಕಿವಿ ಬಂಡೆಯ ಮೇಲಿರುತ್ತಿತ್ತು.

ಕೊನೆಗೆ ಅವಳು ಅತ್ತಿಗೆಯನ್ನು ಕಾಡಿ ಬೇಡಿ ಒಪ್ಪಿಸಿದಳು. ಎತ್ತರದ ಕಟ್ಟಡಗಳ ಹೊರಗೆ ಹಗ್ಗದಲ್ಲಿ ಜೋತು ಗಾಜು ಒರೆಸುವುದು ಅತ್ತಿಗೆಯ ಕಸುಬು. ಹಗ್ಗದ ವಿಷಯದಲ್ಲಿ ಅವಳ ಮಾತೇ ಕೊನೆಯ ಮಾತು. ಬೇಸಿಗೆಯುದ್ದಕ್ಕೂ ಚಿಕ್ಕ ಬಂಡೆಗಳ ಮೇಲೆ ನಾದಿನಿಯನ್ನು ಹತ್ತಿಸಿ ಇಳಿಸಿ ಪಳಗಿಸಿದಳು. ಮಳೆಗಾಲವೂ ಕಳೆದು, ಹದ್ದುಗಳು ಬಂಡೆಯಲ್ಲಿ ಗೂಡು ಕಟ್ಟುವ ಕಾಲ ಬಂತು. ಅವುಗಳಿಗೆ ತೊಂದರೆಯಾಗದಂತೆ ನಾಳೆಯಿಂದ ಕಾಡಿನ ಕಾವಲುಗಾರ ಬಂಡೆಯ ದಾರಿಗೆ ಬೇಲಿ ಹಾಕುತ್ತಾನೆಂದು ಸುದ್ದಿಯಾಯಿತು. ಹತ್ತುವುದಿದ್ದರೆ ಇಂದೇ, ಇಲ್ಲವಾದರೆ ಮುಂದಿನ ವರ್ಷದ ಮಾತು.

ಎದೆಯೆತ್ತರದ ಹುಲ್ಲನ್ನು ಸೀಳಿಕೊಂಡು ಇಬ್ಬರೂ ಬಂಡೆಯ ಬುಡ ತಲುಪಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಬೂದು ಕಲ್ಲಿನ ಮೈಮೇಲೆ ಮಳೆನೀರು ಎಳೆದ ಕೆಂಪು ಗೆರೆಗಳು. ಬಹು ಎತ್ತರದಲ್ಲಿ, ಹುಬ್ಬಿನಂತೆ ಮುಂಚಾಚಿದ ನೆತ್ತಿಯ ಕೆಳಗೆ, ಕಪ್ಪು ನೆರಳೊಂದು. ಮೇಲಿನಿಂದ ಇಳಿದರೆ ಆ ಹುಬ್ಬಿನ ದೆಸೆಯಿಂದ ಗೋಡೆ ಕೈಗೆಟುಕದು; ಕೆಳಗಿನಿಂದಲೇ ಹತ್ತಬೇಕು. ಅತ್ತಿಗೆ ಹಿಂಬದಿಯ ದಾರಿಯಿಂದ ನೆತ್ತಿಗೆ ಹೋಗಿ, ಅಲ್ಲಿ ತಾನೇ ಮೊದಲು ಬಲವಾಗಿ ನೆಟ್ಟಿದ್ದ ಕಬ್ಬಿಣದ ಬಳೆಗಳಲ್ಲಿ ಹಗ್ಗ ತೂರಿಸಿ ಎರಡು ತುದಿಗಳನ್ನೂ ಕೆಳಗಿಳಿಸಿ ಬಂದಳು. ಒಂದು ತುದಿ ಹತ್ತುವವಳ ಸೊಂಟಪಟ್ಟಿಗೆ. ಇನ್ನೊಂದು ಕಡೆಯ ಹಗ್ಗ ಅತ್ತಿಗೆಯ ಸೊಂಟದ ಕೊಂಡಿಗೆ. ಇವಳು ಏರಿದಂತೆಲ್ಲ ಅವಳು ಕೆಳಗೆ ನಿಂತು ಸಡಿಲ ಹಗ್ಗವನ್ನು ಎಳೆದುಕೊಳ್ಳಬೇಕು, ಬಿದ್ದರೆ ಹಿಡಿಯಬೇಕು.

ಅತ್ತಿಗೆಯದೊಂದು ಕಟ್ಟಳೆಯಿತ್ತು. ಇಬ್ಬರೂ ಒಬ್ಬರ ಗಂಟು ಕೊಂಡಿಗಳನ್ನು ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡಬೇಕು. ಆಮೇಲೆ ಹತ್ತುವವಳು ಮೊಣಕಾಲೆತ್ತರ ಏರಿ, ಕೈಕಾಲು ಬಿಟ್ಟು, ಹಗ್ಗಕ್ಕೆ ಜೋತುಬೀಳಬೇಕು.

“ಮಗೂನ ತೊಟ್ಟಿಲಿಗೆ ಹಾಕಿದ ಹಾಗೆ!” ಎಂದಳು ದರ್ಜಿ.

“ತೊಟ್ಟಿಲೇ ಅನ್ಕೋ. ನೀನು ಬಿದ್ರೆ ನಿಮ್ಮಣ್ಣ ಮೊದಲು ಅಡುಗೆ ಆಯ್ತಾ ಅಂತಾನೆ, ಆಮೇಲೆ ತಂಗಿ ಎಲ್ಲಿ ಅಂತಾನೆ.”

ದರ್ಜಿ ನಗುತ್ತಲೇ ಎಂಟರ ಆಕಾರದ ಗಂಟು ಹಾಕಿ, ಮಿಕ್ಕ ತುದಿಯನ್ನು ಸೊಂಟಪಟ್ಟಿಯೊಳಗೆ ತೂರಿಸಿದಳು. ಅದನ್ನು ಇನ್ನು ಗಂಟಿನ ಜಾಡಿನಲ್ಲೇ ಹಿಂದಕ್ಕೆ ನಡೆಸಬೇಕಿತ್ತು. ಆಗಲೇ ಬಂಡೆ ಗುನುಗತೊಡಗಿತು.

ಇಷ್ಟು ಹತ್ತಿರದಿಂದ ಅವಳು ಅದನ್ನು ಕೇಳಿರಲಿಲ್ಲ. ಹಲ್ಲಿನ ಬುಡದಲ್ಲಿ ನಡುಕ ಹುಟ್ಟಿಸುವ ದನಿ. ಕತ್ತು ತಾನಾಗಿ ಮೇಲೆದ್ದಿತು. ದರ್ಜಿಯ ಕೈಗೆ ಮೊದಲು ಕಚ್ಚಾ ಹೊಲಿಗೆ, ಪಕ್ಕಾ ಹೊಲಿಗೆ ಆಮೇಲೆ. ಆ ರೂಢಿಯಂತೆಯೇ ಕೈ ಹಗ್ಗದ ತುದಿಯನ್ನು ಪಟ್ಟಿಗೆ ಸಿಕ್ಕಿಸಿ ಸುಮ್ಮನಾಯಿತು. ಮೇಲಂಗಿ ಅದನ್ನು ಮುಚ್ಚಿತು.

“ಗಂಟು?”

“ಆಯ್ತು.”

ಅತ್ತಿಗೆಯ ಕಿವಿಯೂ ಮೇಲಕ್ಕೇ ನೆಟ್ಟಿತ್ತು. ಒಮ್ಮೆ ಕಣ್ಣಾಡಿಸಿ “ಸರಿ” ಎಂದಳು. ದರ್ಜಿ ಅತ್ತಿಗೆಯ ಕೊಂಡಿಯ ಬಾಯಿ ಮುಚ್ಚುವ ತಿರುಪನ್ನು ಒತ್ತಿ ನೋಡಿದಳು. “ನಿಮ್ದೂ ಸರಿ. ಹೊರಟೆ, ಗಾಳಿ ನಿಂತುಹೋಗುತ್ತೆ!”

“ಮೊದಲು ಜೋತುಬೀಳು.”

“ಅಯ್ಯೋ, ಅತ್ತಿಗೆ!”

“ಬೀಳು ಅಂದ್ನಲ್ಲ.”

ದರ್ಜಿ ಮೊಣಕಾಲೆತ್ತರ ಏರಿದಳು. ಕೈ ಬಿಟ್ಟಳು.

ಸರ್ರನೆ ತುದಿ ಜಾರಿತು. ಧೊಪ್ಪನೆ ಅವಳು ಹುಲ್ಲಿನ ಮೇಲೆ ಕುಳಿತಿದ್ದಳು. ಅರೆಗಂಟು ಮೂಗಿನ ಮುಂದೆ ತೂಗುತ್ತಿತ್ತು.

ದರ್ಜಿ ನಗಹೊರಟವಳು ಅತ್ತಿಗೆಯ ಬಿಳಿಚಿದ ಮುಖ ಕಂಡು ನಿಲ್ಲಿಸಿದಳು.

“ನಾನು ನೋಡ್ದೆ. ಮುಟ್ಲಿಲ್ಲ,” ಎಂದಳು ಅತ್ತಿಗೆ. “ಬಿಚ್ಚು. ಎಲ್ಲಾ ಮೊದಲಿಂದ.”

“ಗಾಳಿ...”

“ಹೋದ್ರೆ ಹೋಗ್ಲಿ.”

ಪಟ್ಟಿ, ಗಂಟು, ಕೊಂಡಿ, ತಿರುಪು. ಈ ಸಲ ಅತ್ತಿಗೆಯ ಬೆರಳು ಗಂಟಿನ ಒಂದೊಂದು ಸುತ್ತನ್ನೂ ತಡವಿತು. ದರ್ಜಿ ಜೋತುಬಿದ್ದಳು, ಹಗ್ಗ ಹಿಡಿಯಿತು. ಅಷ್ಟರಲ್ಲಿ ಗುನುಗು ತೆಳುವಾಗಿ ನಿಂತೇಹೋಯಿತು.

ದನಿಯಿಲ್ಲದ ಬಂಡೆಯನ್ನೇ ಅವಳು ಹತ್ತಿದಳು. ಬೆರಳು ಬಿರುಕಿನಲ್ಲಿ, ಕಾಲ್ತುದಿ ಅಂಚಿನಲ್ಲಿ, ಮುಖ ಕಲ್ಲಿಗೆ. ಹುಬ್ಬಿನ ಸಮೀಪ ಎಡಗೈ ಹಿಡಿದಿದ್ದ ಚಕ್ಕೆ ಕಿತ್ತುಬಂತು.

“ಕಲ್ಲು!” ಎಂದು ಕೂಗಿದಳು. ಬಿದ್ದಳು.

ಹಗ್ಗ ಸೆಟೆಯಿತು. ಗಂಟು ಕಿರ್ರೆಂದು ಬಿಗಿಯಿತು. ಭುಜ ಬಂಡೆಗೆ ಬಡಿಯಿತು.

“ಹಿಡ್ದಿದೀನಿ!” ಕೆಳಗಿನಿಂದ ಅತ್ತಿಗೆ. “ಪೆಟ್ಟಾಯ್ತಾ?”

“ಮೊಣಕೈ ತರಚಿದೆ! ನಿಮಗೆ?”

“ಕಲ್ಲು ಪಕ್ಕಕ್ಕೆ ಬಿತ್ತು! ಇಳಿಸ್ಲಾ?”

“ಬೇಡ! ತೂತು ಕಾಣ್ತಾ ಇದೆ!”

ಮತ್ತೆ ಕಲ್ಲು ಹಿಡಿದು ಅದರ ಮಟ್ಟಕ್ಕೇರಿದಳು. ಹುಬ್ಬಿನ ಕೆಳಗೆ, ಶೀಶೆಯ ಬಾಯಷ್ಟಗಲದ ನುಣುಪು ರಂಧ್ರ. ಜೇನಿಲ್ಲ, ಗೂಬೆಯಿಲ್ಲ, ನೀರಿಲ್ಲ. ಬಿರುಕಿನಲ್ಲಿದ್ದ ಸಣ್ಣ ಕಲ್ಲೊಂದನ್ನು ಒಳಗೆ ಹಾಕಿದಳು. ಅದು ಬಹಳ ಹೊತ್ತು ಉರುಳಿತು. ಬಂಡೆಯೊಳಗೆ ಟೊಳ್ಳು! ಗಾಳಿ ಬೀಸುತ್ತಿದ್ದರೆ ಅವಳು ದನಿಯನ್ನಷ್ಟೇ ಕೇಳಿ ಇಳಿಯುತ್ತಿದ್ದಳೇನೋ. ಈಗ ರಂಧ್ರದ ಅಂಚಿಗೆ ತುಟಿಯಿಟ್ಟು, ಖಾಲಿ ಶೀಶೆಯನ್ನು ಊದುವಂತೆ, ಉಸಿರು ಕಟ್ಟುವವರೆಗೆ ಊದಿದಳು.

ಬಂಡೆ ಮೆಲ್ಲನೆ ಗುನುಗಿತು.

“ಅದೇ ಕಣೇ!” ಅತ್ತಿಗೆಯ ಕೂಗು ಮೇಲೇರಿತು. “ಇನ್ನೊಂದು ಸಲ!”

ಇಳಿದು ಬಂದಾಗ ಗಂಟು ಕಲ್ಲಿನಂತಾಗಿತ್ತು. ಇಬ್ಬರೂ ಹುಲ್ಲಿನಲ್ಲಿ ಕುಳಿತು ಉಗುರು ಹಾಕಿದರು, ಹಲ್ಲು ಹಾಕಿದರು.

“ಇದಂತೂ ಕಚ್ಚಾ ಹೊಲಿಗೆ ಅಲ್ಲಪ್ಪ. ನಿನ್ನ ಕತ್ತರಿ ಬೇಕು.”

“ಹಗ್ಗಕ್ಕೆ ಕತ್ತರಿ ಹಾಕೋರುಂಟಾ, ಅತ್ತಿಗೆ?”

ಆಗ ಗಾಳಿ ತಿರುಗಿತು. ತಲೆಯ ಮೇಲೆ ಬಂಡೆ ಮತ್ತೆ ತುಂಬುದನಿಯಲ್ಲಿ ಗುನುಗತೊಡಗಿತು. ದರ್ಜಿಯ ಕತ್ತು ಮೇಲೇಳಲಿಲ್ಲ. ಗಂಟಿನ ಕೊನೆಯ ಸುತ್ತು ಬಿಡಿಸಿ, ತುದಿಯನ್ನು ಅತ್ತಿಗೆಯ ಕೈಗೆ ಕೊಟ್ಟು, ಆಮೇಲೆ ತಲೆಯೆತ್ತಿದಳು.