ಸಂಬಂಧಿಕರು ಬರೆಯುವಂತಿಲ್ಲ

ನನ್ನ ಅಮ್ಮನನ್ನು ಆತ ಮೂರನೆಯ ಸಲ ಅಳಿಸಿಹಾಕಿದ.

ಅಳಿಸಿದ್ದು ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ. ಹವ್ಯಾಸಿಗಳು ಪುಕ್ಕಟೆ ಬರೆಯುವ ಜಾಗ ಅದು. ನಾವೊಂದಷ್ಟು ಜನ, ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಹಳೇ ಹೋಮ್ ಕಂಪ್ಯೂಟರುಗಳ ಬಗ್ಗೆ ಬರೆಯುತ್ತೇವೆ. ಅಂಥದ್ದೊಂದು ಕಂಪ್ಯೂಟರಿನ ಪರದೆಯಲ್ಲಿ ಮೂಡುವ ಒಂದೊಂದು ಅಕ್ಷರವನ್ನೂ ಚೌಕುಳಿ ಹಾಳೆಯ ಮೇಲೆ ಬಿಡಿಸಿದವಳು ನನ್ನಮ್ಮ. ಲೇಖನದಲ್ಲಿ ಮಾತ್ರ ಹೆಸರು ಅವಳ ಮ್ಯಾನೇಜರನದು. ನಾನು ತಿದ್ದುತ್ತೇನೆ, 'ಕತ್ತರಿ' ಎಂಬ ಮಹಾನುಭಾವ ಬಂದು ಅಳಿಸುತ್ತಾನೆ. ಮೊದಲು 'ಆಧಾರ ಬೇಕು' ಎಂದ. ಆಮೇಲೆ 'ಸಂಬಂಧಿಕರು ಬರೆಯುವಂತಿಲ್ಲ' ಎಂದ. ಮೈಯೆಲ್ಲ ಉರಿದುಹೋಗಿ ಅಲ್ಲೇ ಬೈದು ಬರೆದೆ.

ಹವ್ಯಾಸಿಗಳು ಲೈಬ್ರರಿಯ ಮಹಡಿಯಲ್ಲಿ ಸೇರಿದ ಭಾನುವಾರ ಆಸಾಮಿ ಕೈಗೆ ಸಿಕ್ಕಿದ. ಎದೆಯ ಮೇಲಿನ ಚೀಟಿಯಲ್ಲೇ 'ಕತ್ತರಿ' ಎಂದಿತ್ತು.

"ನಮ್ಮಮ್ಮನ್ನ ಅಳಿಸೋಕೆ ನೀವ್ಯಾರ್ರೀ?"

ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದ. "ಓ, ನೀವೇನಾ? ನಿಮ್ಮ ಬೈಗುಳ ಓದಿ, ಯಾರೋ ವಯಸ್ಸಾದವರು ಅಂದ್ಕೊಂಡಿದ್ದೆ."

"ಮಾತು ಮರೆಸ್ಬೇಡಿ."

"ಆಧಾರ ಬೇಕಲ್ವಾ ಮೇಡಂ."

"ಬೇಕಿದ್ರೆ ಗೋಡೆಗೆ ಒರಗಿಕೊಳ್ಳಿ."

ಪುಣ್ಯಾತ್ಮ ನಿಜವಾಗಿಯೂ ಗೋಡೆಗೆ ಒರಗಿದ. ನಗು ಬಂತು, ನುಂಗಿಕೊಂಡೆ.

"ನೀವು ಮಗಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಮಕ್ಕಳಿಗೂ ಹಾಗೇ."

"ನಮ್ಮಮ್ಮ ಹೆಗ್ಗಣನಾ?"

ಕಿವಿಯವರೆಗೂ ಕೆಂಪಾದ. "ಅಯ್ಯೋ, ಹಾಗಲ್ಲ. ಎಲ್ಲಾದ್ರೂ ಅಚ್ಚಾಗಿರೋದು ಸಿಕ್ರೆ ನಾನೇ ಹಾಕ್ತೀನಿ. ನಿಮ್ಮಮ್ಮನ್ನ ನೋಡ್ಬಹುದಾ?"

ಹಾಗೆ ನಮ್ಮ ಮನೆಗೆ ಬರತೊಡಗಿದ. ತನ್ನ ಕನ್ನಡಕದ ಅಂಗಡಿ ಮುಚ್ಚಿದವನೇ ನೇರ ಅಮ್ಮನ ಎದುರು ಹಾಜರು. ಅಮ್ಮ ಅಕ್ಷರಗಳನ್ನು ಬಿಡಿಸಿ ತೋರಿಸುವಳು, ಆತ ಗಲ್ಲಕ್ಕೆ ಕೈಯಿಟ್ಟು ಕೇಳುವನು. ನಡುನಡುವೆ ಕಣ್ಣು ಮೆಲ್ಲಗೆ ನನ್ನ ಕಡೆ ಸರಿಯುತ್ತಿತ್ತು. ನಾನು ದುರುಗುಟ್ಟಿದರೆ ಥಟ್ಟನೆ ಹಾಳೆಗೆ ವಾಪಸ್ಸು. ಅವನು ಬರುವ ದಿನ ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಅದಕ್ಕೂ ನನಗೆ ಸಿಟ್ಟು.

"ದಿನಾ ನಮ್ಮನೆ ಟೀ ಕುಡೀತೀರಿ, ಹೆಸರು ಮಾತ್ರ ಹಾಕಲ್ಲ. ನಮ್ಮಮ್ಮ ಸುಳ್ಳು ಹೇಳ್ತಾಳಾ?" ಎಂದು ಬಾಗಿಲಲ್ಲಿ ತಡೆದು ಕೇಳಿದೆ.

"ನಂಬ್ತೀನಿ. ಆದ್ರೆ ನಾನು ನಂಬಿದ್ದನ್ನೆಲ್ಲ ಅಲ್ಲಿ ಬರೆಯೋ ಹಾಗಿಲ್ವಲ್ಲ," ಎಂದ. ಇಂಥ ಕಲ್ಲಿನಂಥ ಪ್ರಾಮಾಣಿಕತೆಯನ್ನು ಕಟ್ಟಿಕೊಂಡು ಏನು ಮಾಡುವುದು?

ಒಂದು ಸಂಜೆ ಅಮ್ಮನನ್ನು ಕೇಳಿದ, "ಅಮ್ಮಾ, ಆಗಲೂ ನಿಮ್ಮ ಹೆಸರು ಇದೇನಾ?"

"ಇಲ್ಲಪ್ಪ. ಆಗ ಮದುವೆ ಎಲ್ಲಾಗಿತ್ತು? ತವರುಮನೆ ಹೆಸರಿತ್ತು."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಷ್ಟು ದಿನ ಇಬ್ಬರೂ ಹುಡುಕಿದ್ದು ಅಪ್ಪನ ಮನೆತನದ ಹೆಸರಲ್ಲಿ. ಹೆತ್ತ ಮಗಳು ನಾನೇ ಇದನ್ನು ಮರೆತಿದ್ದೆ.

ಆ ವಾರವೇ ಹಳೇ ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಆ ಮ್ಯಾನೇಜರನ ಸಂದರ್ಶನ ಅವನಿಗೆ ಸಿಕ್ಕಿತು. ಅಕ್ಷರಗಳನ್ನು ಬಿಡಿಸಿದ್ದು ಯಾರೆಂದು ಮ್ಯಾನೇಜರನೇ ಅಮ್ಮನ ತವರಿನ ಹೆಸರು ಹಿಡಿದು ಹೇಳಿದ್ದ. ಕೊನೆಗೂ ಲೇಖನದಲ್ಲಿ ಅಮ್ಮನ ಹೆಸರು ಬಂತು. ಅಮ್ಮ ಪರದೆಯ ಮೇಲೆ ಬೆರಳಿಟ್ಟು ಎರಡೆರಡು ಸಲ ಓದಿದಳು. ನನ್ನ ಕಣ್ಣು ತುಂಬಿತು.

ಆಮೇಲೆ, ಬರೆಯುವವರು ತಮ್ಮತಮ್ಮಲ್ಲೇ ಚರ್ಚಿಸುವ ಪುಟ ತೆರೆದೆ. ಅಲ್ಲಿ ಕತ್ತರಿ ಬರೆದಿದ್ದ: 'ಇನ್ನು ಮುಂದೆ ನಾನು ಈ ಲೇಖನವನ್ನು ಮುಟ್ಟುವುದಿಲ್ಲ. ಅಕ್ಷರ ಬಿಡಿಸಿದವರ ಅಳಿಯನಾಗುವ ಆಸೆಯಿದೆ. ಸಂಬಂಧಿಕರು ಬರೆಯುವಂತಿಲ್ಲ.'

ಕೆಳಗೆ ಆಗಲೇ ಹವ್ಯಾಸಿಗಳೆಲ್ಲ ಶುಭ ಕೋರಿ ಆಗಿತ್ತು.

ಚಪ್ಪಲಿ ಮೆಟ್ಟಿದವಳೇ ಅವನ ಅಂಗಡಿಗೆ ನುಗ್ಗಿದೆ. "ಲೋಕಕ್ಕೆಲ್ಲ ಡಂಗುರ ಸಾರಿದ್ದೀಯ. ನನ್ನೊಬ್ಬಳನ್ನ ಕೇಳೋಕೆ ಬಾಯಿರ್ಲಿಲ್ವಾ ನಿನಗೆ?"

ಕೈಯಲ್ಲಿದ್ದ ಫ್ರೇಮನ್ನು ಮೆಲ್ಲಗೆ ಕೆಳಗಿಟ್ಟ. "ನಿನಗೆ ಅಂದ್ರಿ."

"ಅಂದೆ. ಏನೀಗ?"

"ಏನಿಲ್ಲ, ಚೆನ್ನಾಗಿತ್ತು." ನಗುತ್ತಲೇ ಕನ್ನಡಕ ತೆಗೆದು ಒರೆಸತೊಡಗಿದ. "ಸಂಬಂಧ ಇದ್ರೆ ಅಲ್ಲಿ ಮೊದಲೇ ತಿಳಿಸೋದು ನಿಯಮ, ಅದಕ್ಕೆ ಬರೆದೆ. ನಿಮ್ಮನ್ನ ಕೇಳೋಕೆ ಧೈರ್ಯ ಸಾಲ್ಲಿಲ್ಲ. ನನ್ನ ಮದುವೆ ಆಗ್ತೀರಾ? ಇಷ್ಟ ಇಲ್ದಿದ್ರೆ ಹೇಳಿ, ಆ ಸಾಲು ಈಗ್ಲೇ ಅಳಿಸ್ತೀನಿ."

"ಅಳಿಸಿದ್ರೆ ಕೈ ಮುರೀತೀನಿ," ಎಂದೆ.

ಮುರಿಯುವವಳಂತೆಯೇ ಹಿಡಿದೆ. ಆಮೇಲೆ ಬಿಡಲಿಲ್ಲ.