ಒಂದು ಕಾಳು ಮೆಣಸು

ಬೆರಿಲ್ ಲಾರ್ಟರ್ ತೀರಿಕೊಂಡ ಸುದ್ದಿ ನಮ್ಮ ಬೀದಿಗೆ ತಿಳಿದದ್ದು ಸಾಮಾನು ಸಾಗಿಸುವವರಿಂದ. ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಬಂದಿತ್ತು. ಹತ್ತಕ್ಕೆ ಅವರಲ್ಲೊಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದ. ಕೋಟು ತೊಟ್ಟು, ಕೈಚೀಲ ಹಿಡಿದು ಹೊರಟಿದ್ದ ಬೆರಿಲ್ ತನ್ನ ಫ್ಲಾಟಿನ ಬಾಗಿಲೊಳಗೇ ಬಿದ್ದಿದ್ದಳು. ಬೂಟಿನ ತುದಿಗೂ ಹೊಸ್ತಿಲಿಗೂ ನಡುವೆ ಒಂದು ಬೆರಳಿನ ಅಂತರವಿತ್ತು.

ಕೆಳಗಿನ ಫ್ಲಾಟಿನ ಮುದುಕಿ ಥಿರ್ಜಾ ಗೆಡ್ಜ್ ಅಳಲಿಲ್ಲ. ಬೆರಿಲಳ ಗಂಡ ವಿಲ್ಫ್ರೆಡನ ತೋಳು ಹಿಡಿದು ಒಂದೇ ಮಾತು ಕೇಳಿದಳು. "ಎಲ್ಲಿಯ ಮೆಣಸು ಕೊಟ್ರಿ?"

ಅವಳು ಮೊದಲೇ ಹೇಳಿದ್ದಳು.

ಬೆರಿಲಳ ಎದೆಗೆ ಕಡಲ ಗಾಳಿ ಒಳ್ಳೆಯದೆಂದು ಗಂಡ ಹೆಂಡತಿ ಮೂರು ವರ್ಷದ ಹಿಂದೆ ಲೋಸ್ಟಾಫ್ಟಿಗೆ ಬಂದಿದ್ದರು. ಗಾಳಿಯೇನೋ ಚೆನ್ನಾಗಿತ್ತು. ನಲವತ್ತೊಂದು ಮೆಟ್ಟಿಲುಗಳು ಅವಳನ್ನು ಸೋಲಿಸಿದವು. ನೆಲಮಟ್ಟದ ಮನೆಗೆ ಹೋಗದಿದ್ದರೆ ಇನ್ನೊಂದು ಚಳಿಗಾಲ ಕಾಣಲಾರಳೆಂದು ವೈದ್ಯರು ಹೇಳಿಬಿಟ್ಟರು. ಆದರೆ ಇಲ್ಲಿ ಫ್ಲಾಟು ಕೊಂಡರೂ ನೆಲ ಬೇರೆಯವರದು, ಫ್ಲಾಟು ನಮ್ಮದಾಗಿರುವುದು ಗುತ್ತಿಗೆಯ ಅವಧಿಯವರೆಗೆ ಮಾತ್ರ; ಅವರ ಗುತ್ತಿಗೆಯಲ್ಲಿ ಉಳಿದಿದ್ದದ್ದು ಐವತ್ತೆಂಟೇ ವರ್ಷ. ಅಷ್ಟು ಕಡಿಮೆ ಅವಧಿಯ ಮನೆಗೆ ಬ್ಯಾಂಕು ಸಾಲ ಕೊಡದು, ಸಾಲವಿಲ್ಲದೆ ಕೊಳ್ಳುವವರಿಲ್ಲ. ನೆಲದ ಒಡತಿ ಮಿಸ್ ಆರ್ಫರ್ಡ್ ಅವಧಿ ಹೆಚ್ಚಿಸಲು ಒಪ್ಪಲಿಲ್ಲ. ವಿಲ್ಫ್ರೆಡ್ ಕಾನೂನಿನ ನೋಟಿಸು ಕೊಟ್ಟು ಒಪ್ಪಿಸಿದ. ಹೊಸ ಪತ್ರದಲ್ಲಿ ಇನ್ನೂ ತೊಂಬತ್ತು ವರ್ಷ ಸೇರಿತು. ನೆಲಬಾಡಿಗೆ ಎಷ್ಟೆಂದು ಬರೆಯುವ ಜಾಗದಲ್ಲಿ ಇಂಥ ಪತ್ರಗಳಲ್ಲೆಲ್ಲ ಇರುವ ಸಾಲೇ ಇತ್ತು: ಕೇಳಿದರೆ, ವರ್ಷಕ್ಕೆ ಒಂದು ಕಾಳು ಮೆಣಸು.

"ಯಾರೂ ಕೇಳಲ್ಲ ಬಿಡಿ, ಸುಮ್ನೆ ಬರೀತಾರೆ," ಎಂದಿದ್ದ ವಕೀಲ.

"ಅವಳು ಕೇಳ್ತಾಳೆ," ಎಂದಳು ಥಿರ್ಜಾ, ಆಮೇಲೆ ಮೆಟ್ಟಿಲ ಮೇಲೆ ವಿಲ್ಫ್ರೆಡನನ್ನು ತಡೆದು. "ಕೇಳಿದ್ರೆ ಅಂಗಡೀದು ತಂದ್ಕೊಡಪ್ಪಾ. ನಿಮ್ಮ ಅಡುಗೆಮನೇದು ಮಾತ್ರ ಬೇಡ. ನಾನು ನಮ್ಮನೇದನ್ನೇ ತಂಗಿ ಮರ್ಸಿ ಕೈಯಿಂದ ಕೊಡಿಸ್ದೆ. ಅವಳು ಸತ್ತು ಹದಿನಾರು ವರ್ಷ ಆಯ್ತು. ಇನ್ನೂ ಒಳಗೇ ಓಡಾಡ್ತಾಳೆ."

ವಿಲ್ಫ್ರೆಡ್ ಗಹಗಹಿಸಿ ನಕ್ಕ. "ಹಾಗಾದ್ರೆ ಟೀ ಕಾಯ್ಸೋಕೆ ನಿಮ್ಗೆ ಜೊತೆ ಇದ್ದಾರೆ ಅನ್ನಿ!"

ಮುದುಕಿ ನಗಲಿಲ್ಲ. ಅವಳ ಬೆನ್ನ ಹಿಂದೆ, ಯಾರೂ ಇಲ್ಲದ ಅವಳ ಮನೆಯೊಳಗೆ, ಯಾರೋ ಚಮಚ ಕೆಳಗಿಟ್ಟ ಸದ್ದಾಯಿತು.

ಮುಂದಿನ ವಾರ, ಕಡಲ ಮಂಜು ಬೀದಿಯನ್ನೆಲ್ಲ ನುಂಗಿದ್ದ ಒಂದು ಬೆಳಿಗ್ಗೆ, ಮಿಸ್ ಆರ್ಫರ್ಡ್ ಬಂದಳು. ಎಂಬತ್ತು ದಾಟಿದ ಹೆಂಗಸು ನಲವತ್ತೊಂದು ಮೆಟ್ಟಿಲು ಹತ್ತಿಯೂ ಏದುಸಿರು ಬಿಡುತ್ತಿರಲಿಲ್ಲ. ಅವಳ ಮೈಯಿಂದ ಹಸಿ ಮಣ್ಣಿನ ವಾಸನೆ ಬರುತ್ತಿತ್ತು. ಅಂಗೈ ಚಾಚಿದಳು. "ನನ್ನ ಮೆಣಸು."

ಅಂಗಡಿ ಬೀದಿಯ ಮೂಲೆಯಲ್ಲೇ ಇತ್ತು. ಹೋಗಿ ಬರಲು ಐದು ನಿಮಿಷ. ವಿಲ್ಫ್ರೆಡನಿಗೆ ತಮಾಷೆ ಎನ್ನಿಸಿತು. "ಬೆರಿಲ್! ನೆಲದ ಒಡತಿ ಬಂದಿದ್ದಾರೆ, ಕಪ್ಪಕಾಣಿಕೆ ತಗೊಂಡ್ ಬಾ!"

ಬೆರಿಲ್ ನಗುತ್ತ ತನ್ನ ಜಾಡಿಯಿಂದ ಒಂದು ಕಾಳು ತೆಗೆದು ಆ ಅಂಗೈಗೆ ಹಾಕಿದಳು. "ಒಂದೇ ಸಾಕಾ ಮೇಡಂ? ಸೂಪಿಗೂ ಬರಲ್ಲವಲ್ಲ!"

"ಒಂದೇ ಸಾಕಮ್ಮ," ಎಂದಳು ಮಿಸ್ ಆರ್ಫರ್ಡ್, ಮುಷ್ಟಿ ಮುಚ್ಚಿ.

ಅಂದು ಮಧ್ಯಾಹ್ನದಿಂದ ಮನೆಯಲ್ಲಿ ಮೆಣಸು ಸುಟ್ಟ ಘಾಟು. ಕಿಟಕಿ ತೆರೆದರೂ ಹೋಗಲಿಲ್ಲ. ಸಂಜೆ ವೈದ್ಯರಲ್ಲಿಗೆ ಹೊರಟಾಗ ಬೆರಿಲಳ ಉಸಿರು ಹೊಸ್ತಿಲಲ್ಲಿ ನಿಂತುಹೋಯಿತು. ವಿಲ್ಫ್ರೆಡ್ ಅವಳನ್ನು ಒಳಗೆ ಎಳೆದುಕೊಂಡ. ಉಸಿರು ಬಂತು. ಮತ್ತೆ ಹೊರಟರು. ಮತ್ತೆ ನಿಂತಿತು. ವೈದ್ಯರೇ ಮನೆಗೆ ಬಂದರು, ಹೆದರಿಕೆ ಎಂದರು, ಗುಳಿಗೆ ಕೊಟ್ಟರು. ವಿಲ್ಫ್ರೆಡ್ ಜಾಡಿಯನ್ನು ಕಡಲಿಗೆಸೆದ. ಘಾಟು ಹೆಚ್ಚಾಯಿತು. ಅಷ್ಟರಲ್ಲಿ ಫ್ಲಾಟಿನ ಮಾರಾಟ ಕುದುರಿತು, ನೆಲಮಟ್ಟದ ಮನೆಯೂ ಸಿಕ್ಕಿತು, ಲಾರಿಯೂ ಬಂತು.

"ನೀನು ಹೋಗಿ ಕಾರಿನ ಬಾಗ್ಲು ತೆಗೆದಿರು," ಎಂದಳು ಬೆರಿಲ್. "ಕಣ್ಣು ಮುಚ್ಕೊಂಡು ಬಂದ್ಬಿಡ್ತೀನಿ. ಒಂದೇ ಹೆಜ್ಜೆ ಅಲ್ವಾ."

ಅವನು ಇಳಿದ. ಬಾಗಿಲು ತೆಗೆದ. ಕಾದ. ಮೇಲೆ ಒಂದು ಕೆಮ್ಮು. ಇನ್ನೊಂದು. ಏನೋ ಬಿದ್ದ ಸದ್ದು. ಆಮೇಲೆ ಟೋಪಿ ಹಿಡಿದವನು ಇಳಿದು ಬಂದ.

ಶವಪೆಟ್ಟಿಗೆ ಹೊತ್ತವರು ಮೆಟ್ಟಿಲ ತಿರುವಿನಲ್ಲಿ ಮುಖ ಮುಖ ನೋಡಿಕೊಂಡರು. ಹೊಸ್ತಿಲು ದಾಟಿದ ಮೇಲೆ ಪೆಟ್ಟಿಗೆ ತೀರ ಹಗುರವಾಗಿತ್ತು. ಚರ್ಚಿನಿಂದ ಮರಳಿ ವಿಲ್ಫ್ರೆಡ್ ಬೀಗ ತೆಗೆದ. ಘಾಟು. ಖಾಲಿ ಕೋಣೆ. ಕಿಟಕಿಯ ಬಳಿಯಿಂದ, ಅವಳದೇ ಕೆಮ್ಮು.

ಅವನು ನೆಲದ ಒಡತಿಯ ಮನೆಗೆ ಓಡಿದ. ಮಿಸ್ ಆರ್ಫರ್ಡಳ ಕೋಣೆಯ ಗೋಡೆಗೆ ಸಾಲು ಸಾಲು ಪುಟ್ಟ ಶೀಸೆಗಳು, ಒಂದೊಂದರಲ್ಲಿ ಒಂದೊಂದು ಕಾಳು, ಒಂದೊಂದಕ್ಕೂ ಅದನ್ನು ಕೊಟ್ಟವರ ಹೆಸರಿನ ಚೀಟಿ.

"ಅವಳನ್ನ ಬಿಟ್ಬಿಡಿ ತಾಯಿ, ಕೈ ಮುಗೀತೀನಿ. ಎಷ್ಟು ದಿನ ಹೀಗೆ?"

"ನನ್ನ ಕೇಳ್ತೀಯಾ? ನಾನು ಬೇಡ ಅಂದ್ರೂ ನೋಟಿಸು ಕೊಟ್ಟು ಬರೆಸ್ಕೊಂಡೋನು ನೀನು. ಐವತ್ತೆಂಟು ಇತ್ತು. ಮೇಲೆ ತೊಂಬತ್ತು." ಮುದುಕಿ ಬಾಗಿಲು ತೋರಿಸಿದಳು. "ನೂರ ನಲವತ್ತೆಂಟು ವರ್ಷ. ಗುತ್ತಿಗೆ ಇರೋವರೆಗೂ."

ವಿಲ್ಫ್ರೆಡ್ ಮಾರಾಟ ರದ್ದು ಮಾಡಿದ. ಅವನು ಈಗ ಮನೆ ಬಿಟ್ಟು ದೂರ ಹೋಗುವುದಿಲ್ಲ. ಎರಡು ಕಪ್ ಟೀ ಇಡುತ್ತಾನೆ. ಒಂದು ಆರಿ ತಣ್ಣಗಾಗುತ್ತದೆ. ಅವನಿಗೆ ಎಪ್ಪತ್ತೊಂದು. ತಾನು ಹೋದ ಮೇಲೆ ಬೆರಿಲಳ ಜೊತೆಗೆ ಯಾರು ಎಂದು ಥಿರ್ಜಾಳನ್ನು ಕೇಳುತ್ತಾನೆ. ಅವಳೂ ಮರ್ಸಿಯ ವಿಷಯದಲ್ಲಿ ಅದನ್ನೇ ಅವನನ್ನು ಕೇಳುತ್ತಾಳೆ.

ಕರ್ತನೇ, ನೆಲವೆಲ್ಲ ನಿನ್ನದು, ಅದರ ಮೇಲಿನ ಮನೆಗಳೂ ನಿನ್ನವು. ನಾವು ಬರೆದುಕೊಂಡ ಪತ್ರಗಳಿಗೆ ನಿನ್ನ ಮುಂದೆ ಬೆಲೆಯಿಲ್ಲ. ಬೆರಿಲಳನ್ನೂ ಮರ್ಸಿಯನ್ನೂ ನೀನೇ ಬಂದು ಕೈಹಿಡಿದು ಹೊಸ್ತಿಲು ದಾಟಿಸು. ಮೆಟ್ಟಿಲಿಲ್ಲದ ಮನೆ ಕೊಡು. ಅವರ ಉಸಿರು ಹಗುರವಾಗಲಿ. ಅವರಿಗೆ ಶಾಂತಿ ಸಿಗಲಿ. ಆಮೆನ್.