ಕಲ್ಲಾದ ಊರಿಗೆ ಮೂರು ಕತೆ

ನಮ್ಮಜ್ಜಿಯ ಅಜ್ಜಿಗೂ ಹಿಂದಿನ ಕಾಲದಲ್ಲಿ ಮಣಿಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಸಿರಿಯವ್ವ ಎಂಬ ಹುಡುಗಿಯಿದ್ದಳು. ಒಂದು ದಿನ ಅವಳು ಕಾಡಿನಿಂದ ಸೌದೆ ಹೊತ್ತು ಬಂದರೆ ಊರಿಗೆ ಊರೇ ಕಲ್ಲಾಗಿತ್ತು. ಅದು ಧೂಮಕೇಶನೆಂಬ ಮಾಂತ್ರಿಕನ ಕೆಲಸ. ಸಿಂಹಾಸನದಲ್ಲಿ ರಾಜ ಕಲ್ಲು, ಒಲೆಯ ಮುಂದೆ ಅವ್ವ ಕಲ್ಲು. "ಅವ್ವಾ" ಎಂದು ಕೂಗಿದರೆ ಗೋಡೆಗಳಷ್ಟೇ "ಅವ್ವಾ" ಎಂದವು.

ತೀರಿಹೋದ ಅಜ್ಜಿ ಹೇಳುತ್ತಿದ್ದ ಕತೆ ನೆನಪಾಯಿತು. ಅದರಲ್ಲಿ ಒಬ್ಬಳು ಹಂಸಕೊಳದ ನೀರು ತಂದು ಕಲ್ಲಾದ ಊರನ್ನು ಎಬ್ಬಿಸಿದ್ದಳು. ಸಿರಿಯವ್ವ ಬೆಟ್ಟ ಹತ್ತಿ ಆ ನೀರು ತಂದಳು, ಅವ್ವನ ಮೇಲೆ ಚಿಮುಕಿಸಿದಳು. ನೀರು ಕಲ್ಲಿನ ಕೆನ್ನೆಯಿಂದ ಜಾರಿಹೋಯಿತು. ಅವ್ವ ಏಳಲಿಲ್ಲ.

'ಬೇರೆಯವರು ಈ ಕತೆ ಹೇಗೆ ಹೇಳುತ್ತಾರೋ' ಎಂದು ಸಿರಿಯವ್ವ ಹೊರಟಳು. ತನ್ನ ದನಿ ತನಗೇ ಮರೆತೀತೆಂದು ದಾರಿಯುದ್ದಕ್ಕೂ ಒಬ್ಬಳೇ ಮಾತಾಡಿಕೊಂಡಳು.

ಕಡಲ ದಂಡೆಯಲ್ಲಿ ಬಲೆ ಹೆಣೆಯುವ ಮುದುಕಿ ಸಿಕ್ಕಳು. ಕಲ್ಲಾದ ಊರಿನ ಕತೆ ಕೇಳಿದ್ದಕ್ಕೆ ಅವಳೆಂದಳು, "ಆ ಮಾಂತ್ರಿಕ ಮೊದಲು ಬಾಯಾರಿ ಊರಿಗೆ ಬಂದಿದ್ದ ಮಗಾ. ಯಾರೂ ಬಾಗಿಲು ತೆಗೆಯಲಿಲ್ಲ."

"ಕೊಳದ ನೀರು ತಂದವಳು, ಅಜ್ಜಿ?"

"ನಮ್ಮ ಕತೇಲಿ ಅಂಥವಳಿಲ್ಲ. ಊರು ಕಲ್ಲಾಗೇ ಉಳಿಯುತ್ತೆ."

ಸಿರಿಯವ್ವ ಅತ್ತು ಮುಂದೆ ನಡೆದಳು. ಬಯಲಲ್ಲಿ ಕುರಿ ಕಾಯುವ ತಾತ ಸಿಕ್ಕ. "ಕತ್ತಿ ಹಿಡಿದು ಮಾಂತ್ರಿಕನ ಗವಿಗೆ ಹೋದವರೆಲ್ಲ ಕಲ್ಲಾದರು ತಾಯಿ. ಕಡೆಗೆ ಒಬ್ಬಳು ಬೊಗಸೆಯಲ್ಲಿ ಏನನ್ನೋ ಹಿಡಿದು ಹೋಗಿ ಗೆದ್ದಳು. ಏನೆಂಬುದು ನಮಗೆ ಮರೆತೇಹೋಗಿದೆ."

ಸಿರಿಯವ್ವ ಮೂರೂ ಕತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಒಂದರಲ್ಲಿ ನೀರು, ಒಂದರಲ್ಲಿ ಬಾಯಾರಿಕೆ, ಒಂದರಲ್ಲಿ ಬೊಗಸೆ. ನೀರು ಕಲ್ಲಿಗಲ್ಲ, ಮಾಂತ್ರಿಕನಿಗೆ!

ಮತ್ತೆ ಕೊಳಕ್ಕೆ ಹೋಗಿ ಸೋರೆಬುರುಡೆ ತುಂಬಿಕೊಂಡು, ತಾತ ಹೇಳಿದ ಗವಿಯನ್ನು ಹುಡುಕಿ, ಅದರ ಮುಂದೆ ಆ ನೀರನ್ನು ಬೊಗಸೆಗೆ ಸುರಿದುಕೊಂಡಳು. ಎರಡು ತಲೆಯ ಹಾವು ಹೆಡೆಯೆತ್ತಿ ಕೇಳಿತು, "ಕೈಯಲ್ಲೇನು?"

"ನೀರು."

ಹಾವು ದಾರಿ ಬಿಟ್ಟಿತು. ಒಳಗೆ ಧೂಮಕೇಶ ಒಬ್ಬನೇ ಕೂತಿದ್ದ. ಸಿರಿಯವ್ವ ಬೊಗಸೆಯನ್ನು ಅವನ ಮುಂದೆ ಚಾಚಿದಳು. "ಕುಡಿಯಪ್ಪಾ" ಎಂದಳು.

ಅವನು ಕುಡಿದ. "ಅಪ್ಪಾ ಅಂದೆಯಾ?" ಎಂದು ಮಗುವಿನಂತೆ ಅತ್ತ. ಅವನ ಮಂತ್ರವೆಲ್ಲ ಕಣ್ಣೀರಲ್ಲಿ ಹರಿದುಹೋಗಿ, ಬರಿಯ ಮುದುಕನಾಗಿ ಉಳಿದ. ಅವನ ಕೈಹಿಡಿದು ಊರಿಗೆ ಕರೆತಂದಳು.

ಊರು ಎದ್ದಿತ್ತು. ಕಲ್ಲಾಗಿದ್ದುದು ಯಾರಿಗೂ ಗೊತ್ತಿರಲಿಲ್ಲ. "ಸೌದೆಗೆ ಹೋದವಳು ಇಷ್ಟು ಹೊತ್ತಾ?" ಎಂದು ಅವ್ವ ಗದರಿದಳು.

"ಇನ್ನೂ ಸ್ವಲ್ಪ ಬಯ್ಯವ್ವಾ" ಎಂದು ಸಿರಿಯವ್ವ ಅವಳ ಮಡಿಲಲ್ಲಿ ತಲೆಯಿಟ್ಟಳು. ಆಮೇಲೆ ನಡೆದದ್ದನ್ನೆಲ್ಲ ಊರಿಗೆ ಕತೆಯಾಗಿ ಹೇಳಿದಳು. ಅಂದಿನಿಂದ ಮಣಿಗಿರಿಯಲ್ಲಿ ಯಾರ ಬಾಗಿಲೂ ಬಾಯಾರಿದವರಿಗೆ ಮುಚ್ಚಲಿಲ್ಲ. ಎಲ್ಲರೂ ನಕ್ಕು ನಲಿದು ಬಾಳಿದರು, ಮುದುಕ ಧೂಮಕೇಶನೂ.